ಕಚ್ಚಾ ಹೊಲಿಗೆಯಲ್ಲಿ ಉಳಿದ ಅಂಗಿ

ಅವರ ಬಲಗೈಯ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಎಂದೋ ಮಶೀನಿನ ಸೂಜಿ ಹೊಕ್ಕಿದ್ದು, ಮತ್ತೆ ಕೂಡಿಕೊಳ್ಳಲೇ ಇಲ್ಲ. ಆ ಹೆಬ್ಬೆರಳನ್ನು ಗಂಡಸಿನ ಒಂದು ಹೆಗಲ ತುದಿಗೆ ಊರಿ ಕೈ ಅಗಲಿಸಿದರೆ ಕಿರುಬೆರಳು ಬೆನ್ನುಹುರಿಗೆ ಮುಟ್ಟುತ್ತಿತ್ತು. ಹೆಣ್ಣುಮಕ್ಕಳಲ್ಲಿ ಅಷ್ಟು ದೊಡ್ಡ ಗೇಣನ್ನು ನಾನು ಬೇರೆ ಎಲ್ಲೂ ಕಂಡಿಲ್ಲ.

ಬೆಟಗೇರಿಯ ನಮ್ಮ ಓಣಿಯಲ್ಲಿ ಎಲ್ಲರಿಗೂ ಅವರು ಅಕ್ಕ. ಮಗ್ಗದ ಸಪ್ಪಳದ ನಡುವೆ ಅವರ ಹೊಲಿಗೆ ಮಶೀನಿನ ಸಪ್ಪಳವನ್ನು ಬೇರೆಯಾಗಿ ಗುರುತು ಹಿಡಿಯುವಷ್ಟು ನಾನು ಅವರ ಕಟ್ಟೆಯ ಮೇಲೆ ಕುಳಿತಿದ್ದೇನೆ. ಮುಳಗುಂದದಿಂದ ಸೊಸೆಯಾಗಿ ಬಂದ ನನಗೆ ಕತ್ತರಿ ಹಿಡಿಯಲು ಕಲಿಸಿದವರು ಅವರೇ. ಗಿರಾಕಿಗಳ ಅಳತೆಯನ್ನು ಕೊರಳಲ್ಲಿದ್ದ ಟೇಪಿನಿಂದ ತೆಗೆಯುತ್ತಿದ್ದರು. ಆದರೆ ತನ್ನವರು ಅಂದುಕೊಂಡವರಿಗೆ ಟೇಪು ಹಚ್ಚುತ್ತಿರಲಿಲ್ಲ. "ಟೇಪು ಗಿರಾಕಿಗೆ, ಗೇಣು ಮನಿಯವರಿಗೆ" ಅನ್ನುತ್ತಿದ್ದರು. ಒಮ್ಮೆ ನನ್ನ ಕೈಯನ್ನು ತಮ್ಮ ಕೈಯ ಮೇಲಿಟ್ಟು ನೋಡಿ, "ಇದೇನ ಗೇಣಲೇ, ಬೆಕ್ಕಿನ ಹೆಜ್ಜಿ" ಎಂದು ನಕ್ಕಿದ್ದರು. ನಗುವಾಗ ಹಲ್ಲಿನ ನಡುವೆ ಕಚ್ಚಿದ ಟಾಚಣಿ ಸೂಜಿ ಬೀಳದ ಹಾಗೆ ತುಟಿ ಬಿಗಿ ಹಿಡಿಯುತ್ತಿದ್ದರು.

ಬಟ್ಟೆ ಕತ್ತರಿಸುವಾಗ ನಾನು ಅಳತೆಯ ಗೆರೆಗೇ ಕತ್ತರಿ ಹಾಕಿದರೆ ಬಯ್ಯುತ್ತಿದ್ದರು. ಒಳಗೆ ಎರಡು ಬೆರಳು ಬಟ್ಟೆ ಬಿಡಬೇಕು, ಮನುಷ್ಯನ ಮೈ ಇದ್ದ ಹಾಗೆ ಇರುವುದಿಲ್ಲ, ನಾಳೆ ಬಿಚ್ಚಿ ಹಿಗ್ಗಿಸಲು ಬರಬೇಕು ಅನ್ನುವುದು ಅವರ ಲೆಕ್ಕ.

ಗಂಡ ಬೇಗ ಹೋದವರು. ಮಕ್ಕಳಿಲ್ಲ. ಇದ್ದವನೊಬ್ಬ ತಮ್ಮ, ತಾಯಿ ಸತ್ತ ಮೇಲೆ ಇವರೇ ಸಾಕಿದವನು. ಹಮ್ಮಿಗಿಯ ಕಡೆ ಹೊಳೆಯ ಉಸುಕು ತುಂಬುವ ಕೆಲಸಕ್ಕೆ ಹೋಗುತ್ತಿದ್ದ. ಒಂದು ದಿನ ಯಾರ ಟ್ರ್ಯಾಕ್ಟರು ಮೊದಲು ಎಂಬ ಮಾತಿಗೆ ಜಗಳ ಹತ್ತಿ ಸಲಿಕೆ ಬೀಸಿದ. ಎದುರಿನವನು ಮೂರನೆಯ ದಿನ ಆಸ್ಪತ್ರೆಯಲ್ಲಿ ಸತ್ತ. ಓಣಿಯವರು ಸಮಾಧಾನಕ್ಕೆ, ನಿನ್ನ ತಮ್ಮ ಅಂಥವನಲ್ಲ, ಯಾರೋ ಸಿಗಿಸಿದ್ದಾರೆ ಅಂದರೆ ಅಕ್ಕ ಮಶೀನು ನಿಲ್ಲಿಸಿ ಅಂದದ್ದು ಇಷ್ಟೇ: "ಹೊಡದಾನ. ಸತ್ತಾಂವಗೂ ಒಬ್ಬಾಕಿ ಅಕ್ಕ ಇರ್ತಾಳ."

ಗದಗ ಹೊಸ ಜಿಲ್ಲೆಯಾಗಿ, ಧಾರವಾಡಕ್ಕೆ ಹೋಗಬೇಕಾಗಿದ್ದ ದೊಡ್ಡ ಕೇಸುಗಳು ಗದಗಿನಲ್ಲೇ ನಡೆಯುತ್ತಿದ್ದ ಕಾಲ. ತಮ್ಮನನ್ನು ಇಟ್ಟಿದ್ದ ಜೈಲು ದೂರ, ಕೋರ್ಟು ಹತ್ತಿರ. ಹಾಗಾಗಿ ತಾರೀಖು ಅಂದರೆ ಅಕ್ಕನಿಗೆ ತಮ್ಮನ ಮುಖ ಕಾಣುವ ದಿನ. ಬೆಳಿಗ್ಗೆಯೇ ರೊಟ್ಟಿ ಬಡಿದು, ನನ್ನನ್ನು ಜೊತೆಗೆ ಕರೆದುಕೊಂಡು ಹೋಗಿ ಬೇವಿನ ಗಿಡದ ಕೆಳಗೆ ಕಾಯುತ್ತಿದ್ದರು. ಪೊಲೀಸ್ ವ್ಯಾನಿನಿಂದ ಇಳಿದ ತಮ್ಮ ಬೆನ್ನು ತಿರುಗಿಸಿ ನಿಲ್ಲುತ್ತಿದ್ದ. ಅಕ್ಕ ಹೆಬ್ಬೆರಳೂರಿ ಒಂದು ಗೇಣು, ಮತ್ತೊಂದು ಗೇಣು ಇಡುತ್ತಿದ್ದರು. ಸರಿಯಾಗಿ ಎರಡು. ಮುಂದಿನ ತಾರೀಖಿಗೆ ಅಂಗಿ ಬೇಕಲ್ಲ ಎಂಬುದು ನೆಪ. ವಯಸ್ಸಾದ ಹವಾಲ್ದಾರರೊಬ್ಬರು ಇದನ್ನು ಕಂಡೂ ಕಾಣದಂತೆ ಇರುತ್ತಿದ್ದರು. ಒಮ್ಮೆ ಅವರು, "ಎಷ್ಟ ಸಲ ಅಳೀತಿಬೇ ಯವ್ವಾ, ಜಲ್ದಿ ಮುಗಸು" ಅಂದಾಗ ಅಕ್ಕ, "ಜೈಲಿನ ಕೂಳಿಗೆ ದಪ್ಪ ಆಗ್ಯಾನೇನು ನೋಡಾಕತ್ತೀನ್ರಿ" ಅಂದಿದ್ದರು. ತಮ್ಮನೂ ನಕ್ಕಿದ್ದ.

ಆಮೇಲೆ ಕೋರ್ಟಿಗೆ ಟೀವಿ ಬಂತು. ಕೈದಿಗಳು ಜೈಲಿನಲ್ಲೇ ಕ್ಯಾಮರಾದ ಮುಂದೆ ಕೂತರಾಯಿತು, ಕರೆತರುವ ಗೊಡವೆ ಇಲ್ಲ. ವ್ಯಾನು ನಿಂತಿತು. ಅಕ್ಕ ಆದರೂ ರೊಟ್ಟಿ ಕಟ್ಟಿಕೊಂಡು ಹೋಗುತ್ತಿದ್ದರು, ಹಾಗೇ ತಿರುಗಿ ತರುತ್ತಿದ್ದರು.

ತೀರ್ಪಿನ ದಿನ ಮಾತ್ರ ಕರೆತಂದೇ ತರುತ್ತಾರೆ, ಶಿಕ್ಷೆ ಹೇಳುವಾಗ ಆರೋಪಿ ಎದುರಿಗೆ ನಿಂತಿರಬೇಕು ಎಂದು ವಕೀಲರು ಹಳೆಯ ರೂಢಿಯ ಮೇಲೆ ಹೇಳಿಬಿಟ್ಟರು. ಅಕ್ಕ ಅದನ್ನು ಗಟ್ಟಿಯಾಗಿ ಹಿಡಿದುಕೊಂಡರು. ಬಿಳಿಯ ಮೇಲೆ ತಿಳಿನೀಲಿ ಗೆರೆಯ ಬಟ್ಟೆ ತಂದು ಅಂಗಿ ಕತ್ತರಿಸಿದರು. ತಿಂಗಳುಗಟ್ಟಲೆ ಅಳತೆ ಸಿಕ್ಕಿರಲಿಲ್ಲ. ಅದಕ್ಕೆ ಹೆಗಲಿಗೂ ಪಕ್ಕೆಗೂ ಮಶೀನು ಹೊಡೆಯದೆ, ಉದ್ದುದ್ದ ಬಿಳಿ ದಾರದ ಕಚ್ಚಾ ಹೊಲಿಗೆ ಹಾಕಿಟ್ಟರು. ವ್ಯಾನಿನ ಹತ್ತಿರ ಮೈಗೆ ಹಿಡಿದು ನೋಡಿ, ಅಲ್ಲೇ ಕೈಹೊಲಿಗೆಯಲ್ಲಿ ಬಿಗಿ ಮಾಡಿದರಾಯಿತು ಎಂದು ಸೂಜಿ ದಾರವನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡರು.

ಅವತ್ತೂ ವ್ಯಾನು ಬರಲಿಲ್ಲ. "ಈಗ ಹಿಂಗೂ ನಡೀತೈತ್ರಿ" ಎಂದು ವಕೀಲರು ತಲೆ ತಗ್ಗಿಸಿ ಒಳಗೆ ಹೋದರು. ನಾವು ಹಿಂದಿನ ಬೆಂಚಿನಲ್ಲಿ ಕೂತೆವು. ಟೀವಿಯಲ್ಲಿ ಎದೆಯ ಮಟ್ಟಕ್ಕೆ ತಮ್ಮ ಕಂಡ. ಅಪರಾಧ ಸಾಬೀತಾಗಿದೆ, ಶಿಕ್ಷೆಯ ಬಗ್ಗೆ ಏನಾದರೂ ಹೇಳುವುದಿದೆಯೇ ಎಂದು ಜಡ್ಜ್ ಸಾಹೇಬರು ಕೇಳಿದರು. ಅವನ ತುಟಿ ಅಲುಗಾಡಿತು, ಟೀವಿಯಿಂದ ದನಿ ಬರಲಿಲ್ಲ. ಮತ್ತೆ ಕೇಳಿದರು, ಮತ್ತೆ ತುಟಿ ಅಲುಗಾಡಿತು. ಆಮೇಲೆ ಅವನ ಪರವಾಗಿ ವಕೀಲರೇ ಎದ್ದು, ಸಣ್ಣ ವಯಸ್ಸು, ಮನೆಯಲ್ಲಿ ಅಕ್ಕ ಒಬ್ಬಳೇ ಎಂದು ಹೇಳಿ ಕೂತರು. ಹತ್ತು ವರ್ಷ ಶಿಕ್ಷೆ ಆಯಿತು.

ಪಕ್ಕಕ್ಕೆ ನೋಡಿದೆ. ಅಕ್ಕ ಅಳುತ್ತಿರಲಿಲ್ಲ. ಒಂದು ಕಣ್ಣು ಮುಚ್ಚಿ, ಬಲಗೈ ಎತ್ತಿ, ಗಾಳಿಯಲ್ಲಿ ಬೆರಳು ಅಗಲಿಸಿ ಟೀವಿಯ ಕಡೆ ಹಿಡಿದಿದ್ದರು. ಅಷ್ಟು ದೂರಕ್ಕೆ ಇಡೀ ತಮ್ಮ ಒಂದು ಗೇಣಿನೊಳಗೆ ಬಂದುಬಿಟ್ಟಿದ್ದ. ಬಾಗಿಲ ಹತ್ತಿರ ನಿಂತ ಜವಾನ ಕೈ ಇಳಿಸುವಂತೆ ಸನ್ನೆ ಮಾಡಿದ. ಇಳಿಸಿದರು.

ಹೊರಗೆ ಬೇವಿನ ಗಿಡದ ಕೆಳಗೆ ಬಂದ ಮೇಲೆ, "ಏನೋ ಅಂದ ನೋಡು. ಏನಂದ?" ಎಂದು ನನ್ನನ್ನು ಕೇಳಿದರು. ಮನೆಗೆ ಬಂದ ಮೇಲೂ ಅದೇ ಮಾತು. ತಪ್ಪಾಯಿತು ಅಂದನೋ, ಮೈಯಲ್ಲಿ ಆರಾಮಿಲ್ಲ ಅಂದನೋ. ಕೇಳಿಸಿದ್ದರೆ ಒಂದು ವರ್ಷವಾದರೂ ಕಡಿಮೆ ಆಗುತ್ತಿತ್ತೋ ಏನೋ. ಶಿಕ್ಷೆಗಿಂತ ಆ ಕೇಳಿಸದ ಮಾತು ಅವರನ್ನು ತಿಂದಿತು. ಒಂದೇ ಒಂದು ಸಲ ಜೈಲಿಗೆ ಹೋಗಿ ಜಾಳಿಗೆಯ ಆಚೆ ನಿಂತವನನ್ನು ಕೇಳಿದರು. ನೆನಪಿಲ್ಲ ಅಂದನಂತೆ.

ಅಂಗಿಗೆ ನಾನೇ ಮಶೀನು ಹೊಡೆಯುತ್ತೇನೆ ಅಂದರೆ ಬಿಡಲಿಲ್ಲ. "ಅಂವ ಬಂದ ನಿಂದ್ರೂತನಾ ಅದು ಹಂಗ ಇರ್ಲಿ." ಎರಡು ವರ್ಷದೊಳಗೆ ಹೊಟ್ಟೆಯ ಬೇನೆ ಅವರನ್ನು ಮುಗಿಸಿತು. ಮಣ್ಣಿಗೂ ತಮ್ಮನಿಗೆ ಬರಲಾಗಲಿಲ್ಲ. ಮಶೀನು, ಕತ್ತರಿ, ಆ ಅಂಗಿ ನನಗೆ ಬಂದವು. ಇವತ್ತು ನಮ್ಮ ಮನೆಯಲ್ಲಿ ಒಲೆ ಹೊತ್ತುವುದು ಆ ಮಶೀನಿನಿಂದ.

ಬಿಡುಗಡೆಯಾದ ಮರುದಿನ ಅವನು ನಮ್ಮ ಮನೆಗೆ ಬಂದ. ಸೊರಗಿದವನ ಗುರುತು ಹಿಡಿಯಲು ಹೊತ್ತಾಯಿತು. ಚಹಾ ಕೊಟ್ಟು, ಅವತ್ತು ಟೀವಿಯಲ್ಲಿ ಏನಂದೆ ಎಂದು ಕೇಳಿಯೇ ಬಿಟ್ಟೆ. ಅವನು ಚಹಾವನ್ನು ಬಶಿಗೆ ಸುರಿದುಕೊಂಡು ಒಂದು ಗುಟುಕು ಕುಡಿದ.

"ನನಗ ಸಾಹೇಬ್ರ ಅಷ್ಟ ಕಾಣ್ತಿದ್ರು ವೈನಿ. ಅಕ್ಕ ಬಂದಾಳೇನ್ರಿ, ಕ್ಯಾಮರಾ ಒಂದೀಟ ಆ ಕಡೆ ತಿರಗಸ್ರಿ ಅಂದೆ."

ಅಕ್ಕನಿಗೆ ಯಾಕೆ ಹೇಳಲಿಲ್ಲ ಅಂದೆ.

"ಹೇಳಿದ್ರ ಸಾಯೂತನಾ ಆ ಮಾತನ್ನ ಬಿಚ್ಚತಿದ್ಲು, ಹೊಲೀತಿದ್ಲು."

ನಾನು ಒಳಗೆ ಹೋಗಿ ಅಂಗಿ ತಂದೆ. ಬಿಳಿ ದಾರ ಹಳದಿಯಾಗಿತ್ತು. ಅವನು ಅದನ್ನು ನೋಡಿದ, ಬಶಿ ಕೆಳಗಿಟ್ಟು ಎದ್ದ, ಬೆನ್ನು ತಿರುಗಿಸಿ ನಿಂತ. ಕೊರಳಿನಲ್ಲಿದ್ದ ಟೇಪನ್ನು ತೆಗೆದು ಮಶೀನಿನ ಮೇಲೆ ಇಟ್ಟೆ. ಹೆಬ್ಬೆರಳೂರಿ ಕೈ ಅಗಲಿಸಿದೆ.

ಅಕ್ಕನ ಗೇಣಿಗೆ ಎರಡಾಗುತ್ತಿದ್ದ ಬೆನ್ನು, ನನ್ನ ಈ ಬೆಕ್ಕಿನ ಹೆಜ್ಜೆಗೂ ಎರಡೇ ಆಯಿತು.