ಮೊದಲು ನಗುವವಳು

ಅವಳ ಕೆಲಸ ನಗುವುದು. ಹೀಗೆಂದರೆ ಜನ ಮೊದಲು ನಗುತ್ತಾರೆ, ಆಮೇಲೆ "ತಮಾಷೆ ಸಾಕು, ನಿಜವಾಗ್ಲೂ ಏನು ಕೆಲಸ?" ಎಂದು ಕೇಳುತ್ತಾರೆ. ನಿಜವಾಗಲೂ ಅದೇ ಕೆಲಸ. ಟೀವಿಯ ಹಾಸ್ಯ ಕಾರ್ಯಕ್ರಮಗಳಲ್ಲಿ ವೇದಿಕೆಯ ಮುಂದೆ ಕೂತು ಹೊಟ್ಟೆ ಹಿಡಿದುಕೊಂಡು ನಗುವವರನ್ನು ನೀವು ನೋಡಿದ್ದೀರಿ. ಅವರೆಲ್ಲ ತಮ್ಮ ಖುಷಿಗೆ ಬಂದವರು ಎಂದು ನಂಬಿದ್ದರೆ ಅದು ನಿಮ್ಮ ಒಳ್ಳೆಯತನ. ಎರಡನೇ ಸಾಲಿನ ಮಧ್ಯದಲ್ಲಿ ಕೂರುವ ದಪ್ಪ ಕನ್ನಡಕದ ಈ ಹೆಂಗಸು, ಮಗಳು ಇನ್ನೂ ತೊಟ್ಟಿಲಲ್ಲಿದ್ದಾಗಿನಿಂದ ಅಲ್ಲೇ ಕೂತಿದ್ದಾಳೆ. ಎಷ್ಟೋ ಹಾಸ್ಯಗಾರರು ಬಂದರು, ಮೆರೆದರು, ಹೇಳಹೆಸರಿಲ್ಲದೆ ಹೋದರು. ಕುರ್ಚಿಗಳೂ ಬದಲಾದವು. ಅವಳು ಮಾತ್ರ ಹಾಗೇ ಇದ್ದಾಳೆ. ಸ್ಟುಡಿಯೋದಲ್ಲಿ ಅವಳನ್ನು ನಗೆಯಕ್ಕ ಎಂದು ಕರೆಯುತ್ತಾರೆ.

ಮೊದಲು ನಗುವುದೆಂದರೆ ಬೆಕ್ಕಿನ ಕೊರಳಿಗೆ ಗಂಟೆ ಕಟ್ಟಿದ ಹಾಗೆ. ಪಕ್ಕದವರು ನಗಲಿ, ಆಮೇಲೆ ನೋಡೋಣ ಎಂದು ಎಲ್ಲರೂ ಕಾಯುತ್ತಾರೆ. ಅದಕ್ಕೇ ಅವಳು ಬೇಕು. "ಅಕ್ಕ, ನೀವು ಶುರು ಮಾಡಿ, ಮಿಕ್ಕವರು ತಾನಾಗೇ ಬರ್ತಾರೆ" ಎನ್ನುತ್ತಾನೆ ಮ್ಯಾನೇಜರ್. ಅವಳು ಶುರು ಮಾಡುತ್ತಾಳೆ, ಉಳಿದವರು ಕುರಿಮಂದೆಯ ಹಾಗೆ ಹಿಂದೆ ಬೀಳುತ್ತಾರೆ. ಅಷ್ಟರಲ್ಲಿ ಲೈಟು ಸರಿಯಿಲ್ಲ, ಮೈಕು ಸರಿಯಿಲ್ಲ ಎಂದು ಅದೇ ಜೋಕನ್ನು ಮತ್ತೆ ಹೇಳಿಸುತ್ತಾರೆ. ಈಗಷ್ಟೇ ಕೇಳಿದವಳ ಹಾಗೆ ಅವಳು ಮತ್ತೆ ಬಿದ್ದು ಬಿದ್ದು ನಗಬೇಕು.

ಜೋಕನ್ನು ಕೇಳಿದರೆ ಈ ಕೆಲಸ ಮಾಡಲಾಗದು ಎಂದು ಅವಳಿಗೆ ಬೇಗನೆ ಗೊತ್ತಾಯಿತು. ಮುಕ್ಕಾಲು ಪಾಲು ಜೋಕುಗಳಿಗೆ ಬರಬೇಕಾದದ್ದು ಆಕಳಿಕೆ. ಹಾಗಾಗಿ ಅವಳು ಮಾತು ಕೇಳುವುದನ್ನೇ ಬಿಟ್ಟಳು. ಹೇಳುವವನ ದನಿ ಏರುತ್ತದೆ, ಗಕ್ಕನೆ ನಿಲ್ಲುತ್ತದೆ. ಆ ನಿಂತ ಜಾಗದಲ್ಲಿ ಅವಳು ನಗುತ್ತಾಳೆ. ನಡುವೆ ಏನು ಹೇಳಿದರು ಎಂಬುದು ದೇವರಿಗೇ ಗೊತ್ತು.

ಮನೆಗೆ ಬರುವ ಹೊತ್ತಿಗೆ ದವಡೆಗಳು ಯಾರೋ ಬಾರಿಸಿದ ಹಾಗೆ ನೋಯುತ್ತಿದ್ದವು. ಬಿಸಿನೀರಿನಲ್ಲಿ ಬಟ್ಟೆ ಹಿಂಡಿ ಕೆನ್ನೆಗೆ ಒತ್ತಿಕೊಂಡು, ಅಡುಗೆಮನೆಯ ಸ್ಟೂಲಿನ ಮೇಲೆ ಯಾರೊಂದಿಗೂ ಮಾತಿಲ್ಲದೆ ಕೂತುಬಿಡುತ್ತಿದ್ದಳು. ಈಚೆಗೆ ಯಾರೋ ಪುಣ್ಯಾತ್ಮ ಅವಳ ನಗುಮುಖವನ್ನು ಕತ್ತರಿಸಿ ಫೋನಿನ ಸ್ಟಿಕರ್ ಮಾಡಿಬಿಟ್ಟಿದ್ದ. ಅದು ಊರೆಲ್ಲ ಸುತ್ತಿ ಅವಳದೇ ಸಂಬಂಧಿಕರ ಗ್ರೂಪಿಗೂ ಬಂತು. ಭಾವ ಅಂತೂ ಕರೆಂಟ್ ಹೋದ ಸುದ್ದಿಗೂ ಅದನ್ನೇ ಹಾಕುತ್ತಾನೆ. ಎಲ್ಲರ ಫೋನಿನಲ್ಲೂ ಅವಳು ನಗುತ್ತಿದ್ದಳು. ಸ್ಟೂಲಿನ ಮೇಲೆ ಕೂತವಳಿಗೆ ಅದನ್ನು ನೋಡಿದರೆ ಬೇರೆ ಯಾರೋ ಅನ್ನಿಸುತ್ತಿತ್ತು, ಸುಸ್ತು ಇನ್ನಷ್ಟಾಗುತ್ತಿತ್ತು.

ಮಗಳು ಹಗಲು ಒಂದು ಹಲ್ಲಿನ ಆಸ್ಪತ್ರೆಯಲ್ಲಿ ಚೀಟಿ ಬರೆಯುತ್ತಾಳೆ. ಅವಳಿಗೆ ಹಾಸ್ಯದ ಹುಚ್ಚು. ಒಂದು ಕಾಫಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಹುಡುಗ ಹುಡುಗಿಯರು ಮೈಕು ಹಿಡಿದು ನಿಂತು ನಗಿಸುತ್ತಾರಲ್ಲ, ಅಲ್ಲಿ ಅವಳಿಗೂ ಒಂದು ಭಾನುವಾರ ಸಿಕ್ಕಿತು.

"ಅಮ್ಮ, ಬರ್ತೀಯಾ?"

"ಬರದೆ ಇರ್ತೀನಾ? ಎರಡನೇ ಸಾಲಲ್ಲಿ ಕೂತ್ಕೋತೀನಿ ಬಿಡು."

"ಅದೇ ಬೇಡ ಅಂತಿರೋದು. ಹಿಂದೆ ಕೂತ್ಕೋ. ನಗಬೇಡ."

"ಇದೊಳ್ಳೆ ಕತೆಯಾಯ್ತು. ನಗೋ ಕಡೆ ಕರೆದು ನಗಬೇಡ ಅಂದ್ರೆ?"

"ನಗು ಬಂದ್ರೆ ನಗು. ಆ ಸ್ಟುಡಿಯೋ ನಗು ಬೇಡ. ನಿನ್ನ ನಿಜವಾದ ನಗು ಹೇಗಿರುತ್ತೆ ಅಂತ ನಂಗೆ ಇವತ್ತಿಗೂ ಗೊತ್ತಿಲ್ಲಮ್ಮ. ಬರ್ಲಿಲ್ಲ ಅಂದ್ರೆ ಸುಮ್ನೆ ಕೂತಿರು, ನಂಗೆ ಬೇಜಾರಿಲ್ಲ. ಮಾತು ಕೊಡು."

ಅವಳು ಮಾತು ಕೊಟ್ಟಳು. ಆ ನಿಜವಾದ ನಗು ತನಗಾದರೂ ಗೊತ್ತೇ ಎಂದು ಆಮೇಲೆ ಯೋಚಿಸಿದಳು. ಉತ್ತರ ಹೊಳೆಯದೆ ಅವಳಿಗೆ ಭಯವಾಯಿತು.

ಭಾನುವಾರವೂ ಶೂಟಿಂಗ್ ಇತ್ತು. ಬೆಳಗಿನಿಂದ ನಕ್ಕು ನಕ್ಕು ಹೈರಾಣಾಗಿ, ಸಂಜೆ ನೇರವಾಗಿ ಆ ಕೋಣೆಗೇ ಬಂದಳು. ಒಂದಕ್ಕೊಂದು ಹೊಂದದ ಕುರ್ಚಿಗಳು, ಗೋಡೆಗೆ ಕಪ್ಪು ಪರದೆ, ಒಂದು ಮೈಕು. ಕೊನೆಯ ಸಾಲಿನಲ್ಲಿ ಗೋಡೆಗೊರಗಿ ಕೂತಳು.

ಮಗಳು ಬಂದು ಮೊದಲ ಜೋಕು ಹೇಳಿದಳು. ಯಾರೂ ನಗಲಿಲ್ಲ. ಎರಡನೆಯದಕ್ಕೆ ಯಾರೋ ಕೆಮ್ಮಿದರು. ಮೂರನೆಯದಕ್ಕೆ ಮುಂದಿನ ಸಾಲಿನವನು ಫೋನು ತೆಗೆದ. ಮಗಳ ಕುತ್ತಿಗೆ ಕೆಂಪಾಗುವುದು ಹಿಂದಿನ ಸಾಲಿಗೂ ಕಾಣುತ್ತಿತ್ತು. ಒಂದೇ ಒಂದು ನಗು ಸಾಕಿತ್ತು, ತಾಯಿ ಇಡೀ ಕೋಣೆಯನ್ನು ಎಬ್ಬಿಸಿಬಿಡುತ್ತಿದ್ದಳು. ಗಂಟಲಿಗೆ ಬಂದದ್ದನ್ನು ಹಲ್ಲು ಕಚ್ಚಿ ನುಂಗಿದಳು. ನೋಡಿದರೆ ತಾನೆ ಈ ಸಂಕಟ ಎಂದು ಕಣ್ಣು ಮುಚ್ಚಿದಳು. ಬೆಳಗಿನಿಂದ ದುಡಿದ ಮೈ. ಮುಚ್ಚಿದ ಕಣ್ಣು ಹಾಗೇ ಭಾರವಾಯಿತು, ಮಗಳ ಮಾತು ದೂರದಲ್ಲೆಲ್ಲೋ ಬರೀ ದನಿಯಾಗಿ ಕೇಳತೊಡಗಿತು. ಆ ದನಿ ಏರಿತು, ಗಕ್ಕನೆ ನಿಂತಿತು.

ಅವಳು ನಕ್ಕಳು. ಸ್ಟುಡಿಯೋದ ನಗು, ತಲೆ ಹಿಂದಕ್ಕೆ ಚೆಲ್ಲಿ, ತೊಡೆ ತಟ್ಟಿಕೊಂಡು. ಕೋಣೆಯೆಲ್ಲ ಅವಳ ಹಿಂದೆ ಬಿತ್ತು. ಕಣ್ಣು ಬಿಟ್ಟಾಗ ಜನ ಕುರ್ಚಿ ಅಲುಗಾಡುವ ಹಾಗೆ ನಗುತ್ತಿದ್ದರು. ಮಗಳು ಮಾತ್ರ ನಗದೆ, ಮೈಕು ಎದೆಗವಚಿಕೊಂಡು ಅವಳನ್ನೇ ನೋಡುತ್ತಿದ್ದಳು.

ಆಮೇಲೆ ಹೇಳಿದ್ದಕ್ಕೆಲ್ಲ ಜನ ನಕ್ಕರು. ಮುಗಿದ ಮೇಲೆ ಕಾರ್ಯಕ್ರಮ ನಡೆಸುವ ಗಡ್ಡದ ಹುಡುಗ ಓಡಿ ಬಂದ. "ಆಂಟಿ, ಸ್ಟಿಕರ್ ಆಂಟಿ ಅಲ್ವಾ ನೀವು! ಪ್ರತಿ ವಾರ ಬನ್ನಿ ಪ್ಲೀಸ್. ಎಂಥ ಟೈಮಿಂಗ್!" ನಾಲ್ಕಾರು ಜನ ಅವಳ ಜೊತೆ ಸೆಲ್ಫಿ ತೆಗೆದುಕೊಂಡರು. ಅವರಿಗೂ ಅವಳು ನಕ್ಕಳು.

ಬಸ್‌ಸ್ಟಾಪಿನ ಬೆಂಚಿನ ಮೇಲೆ ಕೂತ ಮೇಲೆ ಮಗಳು ಕೇಳಿದಳು. "ನಾನೇನು ಹೇಳ್ದೆ ಅಂತ ಕೇಳಿಸ್ತಾ?"

ಬೈದಿದ್ದರೆ ಚೆನ್ನಾಗಿತ್ತು, ಆ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಸುಳ್ಳು ಹೇಳುವಷ್ಟು ತ್ರಾಣ ತಾಯಿಗೂ ಉಳಿದಿರಲಿಲ್ಲ. "ಇಲ್ಲ ಕಣೆ. ನೀನು ನಿಲ್ಲಿಸಿದ್ದು ಮಾತ್ರ ಕೇಳಿಸ್ತು. ಈಗ ಹೇಳು."

"ಬೇಡ ಬಿಡು."

"ಹೇಳೇ."

ಮಗಳು ರಸ್ತೆ ನೋಡುತ್ತಾ ಹೇಳಿದಳು. "ಚಿಕ್ಕವಳಿದ್ದಾಗ ದಿನಾ ಒಂದು ಜೋಕು ಕಲಿತುಕೊಂಡು ಬಾಗಿಲ ಹತ್ರ ಕಾಯ್ತಿದ್ದೆ. ಅಮ್ಮ ಬಂದು 'ಈಗ ಬೇಡ ಪುಟ್ಟಿ, ದವಡೆ ನೋವು' ಅನ್ನೋಳು. ಊರಿಗೆಲ್ಲ ನಗೋ ನಮ್ಮಮ್ಮ ನಂಗೋಸ್ಕರ ಒಂದು ಸಲನೂ ನಕ್ಕಿಲ್ಲ. ಅಂತ ಹೇಳಿ ನಿಲ್ಲಿಸ್ದೆ. ಅದು ಜೋಕಲ್ಲಮ್ಮ. ಮುಂದೆ ಇನ್ನೊಂದು ಮಾತಿತ್ತು."

"ಏನದು?"

"ಅಷ್ಟು ಸುಸ್ತಾಗಿದ್ರೂ ಇವತ್ತು ನನ್ನ ನೋಡೋಕೆ ಬಂದು ಹಿಂದೆ ಕೂತಿದಾಳೆ, ಅಂತ. ಅಷ್ಟರಲ್ಲಿ ಎಲ್ಲ ನಗೋಕೆ ಶುರು ಮಾಡಿದ್ರು. ಹೇಳಕ್ಕಾಗ್ಲಿಲ್ಲ."

ತಾಯಿ ಕ್ಷಮಿಸು ಎನ್ನಬೇಕೆಂದುಕೊಂಡಳು, ಆ ಮಾತು ತೀರಾ ಸಣ್ಣದೆನಿಸಿತು. ಒಂದು ಬಸ್ಸು ಬಂದು ಹೋಯಿತು. ಇಬ್ಬರೂ ಏಳಲಿಲ್ಲ.

"ಚಿಕ್ಕವಳಿದ್ದಾಗ ಕಲಿತಿದ್ದು ಯಾವುದಾದ್ರೂ ಒಂದು ಜೋಕು ಹೇಳು" ಎಂದಳು ಕೊನೆಗೆ.

"ಈಗಲಾ?"

"ಈಗ್ಲೇ. ಪೂರ್ತಿ ಹೇಳು."

ಮಗಳು ಮೂಗೊರೆಸಿಕೊಂಡಳು. "ಒಂದು ಬಸವನಹುಳು ನಡ್ಕೊಂಡು ಹೋಗ್ತಿತ್ತಂತೆ. ಬಸ್ಸಿನವನು ನಿಲ್ಲಿಸಿ, 'ಬಾ, ಹತ್ಕೋ' ಅಂದ್ನಂತೆ. ಅದು, 'ಬೇಡಪ್ಪ, ನಂಗೆ ಅರ್ಜೆಂಟಿದೆ' ಅಂತಂತೆ."

ದನಿ ನಿಂತಿತು. ತಾಯಿ ಅಲುಗಾಡಲಿಲ್ಲ. ಹುಳು, ಬಸ್ಸು, ಅದರ ಅರ್ಜೆಂಟು, ಎಲ್ಲವನ್ನೂ ಒಂದೊಂದಾಗಿ ಯೋಚಿಸಿದಳು. ಒಳಗೆ ಹುಡುಕಿದಳು. ನಗು ಬರಲಿಲ್ಲ.

"ಅಷ್ಟೇನೂ ಚೆನ್ನಾಗಿಲ್ಲ ಕಣೆ" ಎಂದಳು ಅಳುಕುತ್ತಾ. ಇಷ್ಟು ವರ್ಷದಲ್ಲಿ ಅವಳು ಯಾರ ಜೋಕಿಗೂ ಈ ಮಾತು ಹೇಳಿರಲಿಲ್ಲ.

ಮಗಳು ಅವಳ ಕಡೆ ತಿರುಗಿದಳು.

"ಹಾಗಾದ್ರೆ ನೀನು ಕೇಳಿಸ್ಕೊಂಡೆ" ಎಂದಳು.