ಎದುರಿನವಳ ದೂರು

ನಮ್ಮ ವಿಶ್ವವಿದ್ಯಾಲಯದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಕೀಲಿ ಅಕ್ಕನ ಕೆಲಸ ಕೀಲಿ ಕಾಯುವುದು. ನೂರಾ ಹನ್ನೆರಡು ಕೋಣೆ, ಗೋಡೆಯ ಮೇಲೆ ನೂರಾ ಹನ್ನೆರಡು ಮೊಳೆ. ಜಗಳ ಬಿಡಿಸಲು ಆಡಳಿತದವರು ಬೇರೆಯೇ ಸಂಧಾನ ಸಮಿತಿ ಮಾಡಿ, ಬಾಗಿಲಿಗೆ ಫಲಕ ಹಾಕಿ, ಮೂವರು ಮೇಷ್ಟ್ರನ್ನು ಕೂರಿಸಿದ್ದರು. ಮೊದಲ ವರ್ಷ ಅಲ್ಲಿಗೆ ಯಾರೂ ಬರಲಿಲ್ಲ. ಮೇಷ್ಟ್ರುಗಳೇ ತಮ್ಮತಮ್ಮಲ್ಲಿ ಮಾತು ಬಿಟ್ಟರು. ಎರಡನೆಯ ವರ್ಷ ವಾರ್ಡನ್ ಬಂದು ಕೀಲಿ ಅಕ್ಕನನ್ನು ಕರೆದು ಸಮಿತಿಯ ಕುರ್ಚಿ ತೋರಿಸಿದರು.

ಅಕ್ಕನದು ಒಂದೇ ಪದ್ಧತಿ. ಬಂದವರು ತಮ್ಮ ದೂರು ಹೇಳುವ ಹಾಗಿಲ್ಲ. ಎದುರಿನವರ ದೂರನ್ನು ಹೇಳಬೇಕು. "ಇಷ್ಟೇ" ಎಂದು ಎದುರಿನವರು ಒಪ್ಪುವ ತನಕ ಏಳುವಂತಿಲ್ಲ.

"ಮನೇಲೂ ಹೀಗೇನಾ ಅಕ್ಕಾ?" ಎಂದು ಒಮ್ಮೆ ಕೇಳಿದೆ.

"ಹ್ಞೂಂ. ಇಪ್ಪತ್ತು ವರ್ಷದಿಂದ ನಮ್ಮನೆಯವರು ನನ್ನ ದೂರು ಹೇಳ್ತಾ ಇದಾರೆ. ಮುಗಿದ ಮೇಲೆ ಅವರದ್ದು."

ಒಂದು ಶನಿವಾರ ಬಂದವರು ಒಂದೇ ಕೋಣೆಯವರು. ಗಣಿತದ ಹುಡುಗಿ ದಿನಾ ಐದಕ್ಕೆ ಅಲಾರಂ ಇಡುತ್ತಿದ್ದಳು, ಏಳುತ್ತಿರಲಿಲ್ಲ. ಇತಿಹಾಸದ ಹುಡುಗಿ ಒಂದು ಬೆಳಗ್ಗೆ ಎದ್ದು ಅವಳ ಫೋನನ್ನು ಬಕೆಟ್ಟಿನ ನೀರಿಗೆ ಬಿಟ್ಟಳು. ಗಣಿತದವಳು ಬರೆದು ದೂರು ಕೊಟ್ಟಳು. ಆ ದಿನ ಮಧ್ಯಾಹ್ನ ಹನ್ನೆರಡರೊಳಗೆ ರಾಜಿಯಾಗದಿದ್ದರೆ ಅದು ಶಿಸ್ತು ಸಮಿತಿಗೆ ಹೋಗುತ್ತದೆ, ಇತಿಹಾಸದವಳ ಹಾಸ್ಟೆಲ್ ಸೀಟು ಹೋಗುತ್ತದೆ. ಪರೀಕ್ಷೆಗೆ ಮೂರು ವಾರವಿತ್ತು. ಅವಳ ಊರಿಗೆ ಬಸ್ಸಿನಲ್ಲಿ ಐದು ಗಂಟೆಯ ದಾರಿ.

ಸ್ಟೋರ್ ರೂಮಿನಲ್ಲಿ, ಹಳೆಯ ಹಾಸಿಗೆಗಳ ರಾಶಿಯ ಪಕ್ಕ, ಇಬ್ಬರೂ ಮುಖ ಊದಿಸಿಕೊಂಡು ಕೂತರು.

"ನೀನು ಶುರು ಮಾಡಮ್ಮ," ಎಂದಳು ಅಕ್ಕ ಇತಿಹಾಸದವಳಿಗೆ.

"ನಾನು ಅವಳ ಫೋನ್ ಹಾಳು ಮಾಡ್ದೆ. ಅದ್ರಲ್ಲಿ ನೋಟ್ಸ್ ಇತ್ತು. ಸಾಕಾ?"

"ಇನ್ನೂ ಇದೆ," ಎಂದಳು ಗಣಿತದವಳು.

"ಇನ್ನೇನೇ?"

"ಆಮೇಲೆ ಹಾಡು ಗುನುಗ್ತಾ ಹಲ್ಲುಜ್ಜಿದ್ದು."

ಇತಿಹಾಸದವಳು ತಲೆ ತಗ್ಗಿಸಿದಳು. "ಹೌದು. ಗುನುಗಿದೆ."

"ಇಷ್ಟೇ."

ಸರದಿ ಬದಲಾಯಿತು. "ಅಲಾರಂ ದಿನಾ ಒಂಬತ್ತು ಸಲ ಹೊಡ್ಕೊಳ್ಳುತ್ತೆ," ಎಂದಳು ಗಣಿತದವಳು. "ನಾನು ಕೊರಡಿನ ಥರ ಬಿದ್ಕೊಂಡಿರ್ತೀನಿ. ಎರಡು ತಿಂಗಳಿಂದ ಇವಳಿಗೆ ನಿದ್ದೆ ಇಲ್ಲ."

"ಒಂಬತ್ತೇನಿಲ್ಲ. ಐದಾರು."

"ಒಂಬತ್ತು!"

"ಸುಮ್ನಿರೇ, ಎಚ್ಚರ ಇರೋಳು ನಾನು. ಅಷ್ಟೊಂದು ಕೆಟ್ಟೋಳಲ್ಲ ನೀನು."

"ನಿಂಗೇನು ಗೊತ್ತು? ಇಟ್ಟೋಳು ನಾನು!"

ಈಗ ಜಗಳ ತಿರುಗಿ ಕೂತಿತ್ತು. ಕೊನೆಗೆ ಇತಿಹಾಸದವಳು, "ಆಯ್ತು, ಇಷ್ಟೇ," ಎಂದಳು. ಹನ್ನೊಂದೂಮುಕ್ಕಾಲಿಗೆ ಅಕ್ಕ ಪೆನ್ನಿನ ಮುಚ್ಚಳ ತೆಗೆದು, ಪೆನ್ನನ್ನು ಒಂದು ಬಿಳಿ ಹಾಳೆಯ ಮೇಲಿಟ್ಟು ಗಣಿತದವಳ ಕಡೆ ಸರಿಸಿದಳು. ಅವಳು ದೂರು ವಾಪಸ್ ತೆಗೆದುಕೊಂಡೆ ಎಂದು ಬರೆದುಕೊಟ್ಟಳು. ಕಳೆದುಹೋದ ನೋಟ್ಸನ್ನು ಇತಿಹಾಸದವಳು ಗೆಳತಿಯರಿಂದ ತಂದು ಕೈಯಲ್ಲಿ ಬರೆದುಕೊಡಬೇಕು ಎಂದಾಯಿತು.

"ಇನ್ಮೇಲೆ ನಾವು ಫ್ರೆಂಡ್ಸ್ ಆಗಿರ್ಬೇಕಾ ಅಕ್ಕಾ?" ಇತಿಹಾಸದವಳು ಬಾಗಿಲಲ್ಲಿ ನಿಂತು ಕೇಳಿದಳು.

"ಅದು ನಮ್ಮ ಸಮಿತಿಗೆ ಬರಲ್ಲಮ್ಮ. ಕೋಣೇಲಿದ್ರೆ ಸಾಕು."

ನಾಲ್ಕು ಸಂಜೆ ಇತಿಹಾಸದವಳು ನಕಲು ಬರೆದಳು. ಅರ್ಥವಾಗದ ಚಿಹ್ನೆಗಳನ್ನು ಹಕ್ಕಿ, ಹಾವು, ಕೊಕ್ಕೆ ಬರೆದ ಹಾಗೆ ಬರೆದಳು. ಗಣಿತದವಳು ಪಕ್ಕದಲ್ಲೇ ಕೂತು ಹಾವುಗಳನ್ನು ತಿದ್ದಿದಳು.