ಲೋನ್ಲಿ ಐಲ್ಯಾಂಡ್ ಮತ್ತು ತಿಮ್ಮಕ್ಕನ ದಿಣ್ಣೆ

ಟಕ್, ಟಕ್. ಕಾನ್ವೆಂಟಿನ ಜಿಯಾಗ್ರಫಿ ಕ್ಲಾಸಿನಲ್ಲಿ ಸಿಸ್ಟರ್ ಬೆತ್ತದಿಂದ ವರ್ಲ್ಡ್ ಮ್ಯಾಪ್ ಕುಟ್ಟುತ್ತಿದ್ದ ಸದ್ದು ಈಗಲೂ ಕಿವಿಯಲ್ಲಿದೆ. ಅವರು ಕುಳ್ಳಗಿದ್ದರು, ಬೆತ್ತ ಆರ್ಕ್ಟಿಕ್ ತನಕ ಎಟುಕುತ್ತಿರಲಿಲ್ಲ. ಹಾಗಾಗಿ ಉತ್ತರಧ್ರುವದ ವಿಷಯದಲ್ಲಿ ನಾನು ಇಂದಿಗೂ ವೀಕ್. ಎಟುಕದ್ದರ ಮೇಲೆ ಆಸೆ ಮಾತ್ರ ಜಾಸ್ತಿ. ಅಟ್ಲಾಸ್ ತೆರೆದು ಹುಡುಕಿದಾಗ ಸೈಬೀರಿಯಾದಾಚೆ, ಕಾರಾ ಸಮುದ್ರದ ನಡುವೆ ಸಾಸಿವೆಯಷ್ಟು ಚುಕ್ಕೆ ಸಿಕ್ಕಿತು: ಲೋನ್ಲಿ ಐಲ್ಯಾಂಡ್.

ಅದನ್ನು ಕಂಡ ನಾರ್ವೆಯ ಕ್ಯಾಪ್ಟನ್ ಇಟ್ಟ ಹೆಸರದು ಎಂದರು ಸಿಸ್ಟರ್. ಬೇರೆ ನಾವಿಕರು ಸಿಕ್ಕ ಬಂಡೆಗೆಲ್ಲ ತಮ್ಮ ರಾಜನದೋ ಯಜಮಾನನದೋ ಹೆಸರಿಟ್ಟು ಮೆಚ್ಚಿಸಿಕೊಂಡರೆ, ಈತ ತನ್ನ ಮನಸ್ಸಿಗೆ ಅನ್ನಿಸಿದ್ದನ್ನೇ ಇಟ್ಟ. ಎಂಥ ಆನೆಸ್ಟ್ ಮನುಷ್ಯ ಎಂದು ನಾನು ಕರಗಿಹೋದೆ.

ಕರಗಿದವಳು ಒಂದು ತಪ್ಪು ಮಾಡಿದೆ. ಉದ್ದನಪಲ್ಲಿ ಹತ್ತಿರದ ನಮ್ಮೂರಿನಲ್ಲಿ ಕಲ್ಲು ಆಯ್ದು ಹದಮಾಡಿದವರ ಹೆಸರೇ ಹೊಲಕ್ಕೆ. ನನ್ನ ಚಿಕ್ಕಮ್ಮ ತಿಮ್ಮಕ್ಕ ಗಂಡ ಹೋದ ಮೇಲೆ ಕಲ್ಲು ದಿಣ್ಣೆಯೊಂದನ್ನು ಒಬ್ಬಳೇ ಹಸನುಮಾಡಿ, ಅಲ್ಲೇ ಗುಡಿಸಲು ಹಾಕಿ ಹುರುಳಿ ಬೆಳೆದಳು. ಹೆಂಗಸಿನ ಹೆಸರೇಕೆಂದು ಊರು ಅದನ್ನು ಕಲ್ಲು ದಿಣ್ಣೆ ಎಂದೇ ಕರೆಯಿತು.

"ಅಮ್ಮಣ್ಣಿ, ನೀನು ಓದ್ದೋಳು. ಮ್ಯಾಪ್ನಾಗೆ ನನ್ ಹೆಸ್ರು ಬರ್ಕೊಡು, ಗೋಡೇಗ್ ಹಾಕ್ತೀನಿ" ಅಂದಳು, ನಾನು ಶಾಲೆಯ ರಜಕ್ಕೆ ಊರಿಗೆ ಬಂದಿದ್ದಾಗ.

ಊರಿನ ನಕ್ಷೆ ಬರೆದೆ. ಅದೇನು ಕವಿತ್ವ ತಲೆಗೇರಿತ್ತೋ, ದಿಣ್ಣೆಯ ಮೇಲೆ ಇಂಗ್ಲಿಷ್ ಕರ್ಸಿವ್‌ನಲ್ಲಿ 'ಲೋನ್ಲಿ ಹಿಲ್' ಎಂದೆಳೆದೆ. ಓದು ಬಾರದ ಚಿಕ್ಕಮ್ಮ ಅಲ್ಲಿಂದಾಚೆ ಬಂದವರಿಗೆಲ್ಲ ಅದರ ಮೇಲೆ ಬೆರಳಿಟ್ಟು, "ನನ್ ಹೆಸ್ರು" ಎಂದು ತೋರಿಸುತ್ತಿದ್ದಳು. ಐವತ್ತು ವರ್ಷ ನಾನು ಬಾಯಿಬಿಡಲಿಲ್ಲ.

ಕೊನೆಯ ಸಲ ಹೋದಾಗ, ಅಲ್ಲಿರುವುದು ಅವಳ ಹೆಸರಲ್ಲ, 'ಒಂಟಿ ದಿಣ್ಣೆ' ಎಂದು ಎಲ್ಲ ಹೇಳಿಬಿಟ್ಟೆ, ದ್ವೀಪದ ಕಥೆಯನ್ನೂ. ಹುರುಳಿ ಕೇರುತ್ತಿದ್ದ ಮೊರ ನಿಂತಿತು.

"ಹೆಸ್ರಿಕ್ದೋನು ಅಲ್ಲೇ ಉಳ್ಕಂಡ್ನಾ?"

"ಇಲ್ಲ ಚಿಕ್ಕಮ್ಮ, ನೋಡಿ ಹೊರಟುಹೋದ. ಆಮೇಲೆ ಹವಾಮಾನ ನೋಡೋಕೆ ಬಂದು ಮನೆ ಕಟ್ಟಿದವರೂ ಬಿಟ್ಟುಹೋದರಂತೆ."

"ಅದ್ಕೇಯ. ಹೋಗೋರ ಕಣ್ಗೆ ಎಲ್ಲಾ ಒಂಟೀನೇ. ಇದ್ದಿದ್ರೆ ಹಕ್ಕಿ ಕಾಣ್ತಿತ್ತು, ಕರಡಿ ಕಾಣ್ತಿತ್ತು. ನೀನೂ ರಜ ಮುಗ್ದ್ರೆ ಬಸ್ ಹತ್ತೋಳೇ ಅಲ್ವೇನೇ?"

ನಕ್ಷೆ ಇಳಿಸಿ ಕೈಗೆ ಕೊಟ್ಟಳು. "ಹೊಡ್ದಾಕಿ ಬರಿ. ದಪ್ಪಕೆ. ಊರೋರ್ಗೆ ಬಾಗಿಲಿಂದ್ಲೇ ಕಾಣ್ಬೇಕು."

'ತಿಮ್ಮಕ್ಕನ ದಿಣ್ಣೆ' ಎಂದು ಬರೆದು, ರಾಯಕೋಟೆ ಬಸ್ಸು ಹತ್ತಿದೆ. ಕಿಟಕಿಯಿಂದ ತಿರುಗಿ ನೋಡಿದರೆ, ದಿಣ್ಣೆಯ ಮೇಲೆ ಚಿಕ್ಕಮ್ಮ ಮೊರ ಎತ್ತಿಕೊಂಡು ಕಾಗೆಗಳ ಜೊತೆ ಜಗಳಕ್ಕೆ ನಿಂತಿದ್ದಳು.